ಕಟ್ಟಡ ಕೆಲಸದ ನಿರ್ಣಾಯಕ ಪಥ

ನಿಮ್ಮ ಶಾಲೆಗೆ ಹೊಸ ಕೊಠಡಿಯೊಂದು ಮಂಜೂರಾಗಿದೆ ಎಂದಿಟ್ಟುಕೊಳ್ಳಿ. ಇಟ್ಟಿಗೆ, ಸಿಮೆಂಟು, ಕಬ್ಬಿಣ, ಹಣ ಎಲ್ಲವೂ ಇವೆ. ಆದರೂ ಕೆಲಸ ಹಿಂದೆ ಬೀಳುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ಸಲಹೆ, "ಇನ್ನಷ್ಟು ಆಳು ಹಾಕಿ." ಈ ಸಲಹೆ ಯಾವಾಗ ಫಲಿಸುತ್ತದೆ, ಯಾವಾಗ ಫಲಿಸುವುದಿಲ್ಲ? ಲೆಕ್ಕ ಹಾಕಿ ನೋಡೋಣ.

ಕೊಠಡಿಯ ಕೆಲಸಗಳು ಹೀಗಿರಲಿ:

1. ತಳಪಾಯ – 10 ದಿನ
2. ಗೋಡೆ (ತಳಪಾಯದ ನಂತರ) – 12 ದಿನ
3. ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು, ತಾರಸಿಗೆ ಕಾಂಕ್ರೀಟು (ಗೋಡೆಯ ನಂತರ) – 8 ದಿನ
4. ಸೆಂಟ್ರಿಂಗ್ ಕಂಬಗಳನ್ನು ಬಿಚ್ಚದೆ ಕಾಯುವುದು – 14 ದಿನ
5. ಪ್ಲಾಸ್ಟರಿಂಗ್ (ಕಂಬ ಬಿಚ್ಚಿದ ನಂತರ) – 10 ದಿನ
6. ಬಣ್ಣ, ಬಾಗಿಲು-ಕಿಟಕಿ ಜೋಡಣೆ – 6 ದಿನ
7. ಬಡಗಿಯಲ್ಲಿ ಬಾಗಿಲು-ಕಿಟಕಿ ಮಾಡಿಸುವುದು (ಮೊದಲ ದಿನದಿಂದಲೇ) – 20 ದಿನ
8. ಕಾಂಪೌಂಡ್ ಗೋಡೆ (ಯಾವಾಗ ಬೇಕಾದರೂ) – 12 ದಿನ

ಎಲ್ಲವನ್ನೂ ಕೂಡಿದರೆ 92 ದಿನ. ಆದರೆ ಕೊಠಡಿಗೆ ಅಷ್ಟು ದಿನ ಬೇಡ. ಒಂದರ ಹಿಂದೊಂದು ಬರಲೇಬೇಕಾದ ಮೊದಲ ಆರು ಕೆಲಸಗಳಿಗೆ ಒಟ್ಟು 60 ದಿನ ಸಾಕು. ಉಳಿದೆರಡು ಕೆಲಸಗಳು ಇದೇ ಅವಧಿಯಲ್ಲಿ ಪಕ್ಕದಲ್ಲಿ ನಡೆಯುತ್ತವೆ. ಅತಿ ಹೆಚ್ಚು ಸಮಯ ಹಿಡಿಯುವ ಈ ಸರಪಣಿಯೇ ನಿರ್ಣಾಯಕ ಪಥ. ಅದರ ಮೇಲಿನ ಯಾವುದೇ ಕೆಲಸ ಒಂದು ದಿನ ತಡವಾದರೆ ಇಡೀ ಕಟ್ಟಡ ಒಂದು ದಿನ ತಡವಾಗುತ್ತದೆ. ಬಾಗಿಲುಗಳು ಬೇಕಾಗುವುದು 54 ದಿನಗಳು ಕಳೆದ ಮೇಲೆ. ಆದ್ದರಿಂದ ಬಡಗಿಗೆ 34 ದಿನಗಳ ಬಿಡುವಿದೆ. ಕಾಂಪೌಂಡ್ ಗೋಡೆಗೆ 48 ದಿನಗಳ ಬಿಡುವಿದೆ.

ಈ ವಿಧಾನವನ್ನು ಅಮೆರಿಕದ ಡ್ಯೂಪಾಂಟ್ ಕಂಪನಿಗಾಗಿ ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲಿ 1957ರ ಸುಮಾರಿಗೆ ರೂಪಿಸಿದರು. ಇಂದು ಕಂಪ್ಯೂಟರುಗಳು ಸಾವಿರಾರು ಕೆಲಸಗಳ ಪಥವನ್ನು ಕ್ಷಣದಲ್ಲಿ ಹುಡುಕಿಕೊಡುತ್ತವೆ. ಆದರೆ ತತ್ತ್ವ ಮಾತ್ರ ಮೇಲಿನ ಕೂಡುವ ಲೆಕ್ಕವೇ.

ಈಗ ಆಳುಗಳ ಪ್ರಶ್ನೆಗೆ ಬನ್ನಿ. ಕಾಂಪೌಂಡ್ ಗೋಡೆಗೆ ಹತ್ತು ಆಳು ಹೆಚ್ಚಿಗೆ ಹಾಕಿದರೆ ಉಳಿಯುವ ದಿನಗಳು ಸೊನ್ನೆ. ಅವರನ್ನೇ ಕೊಠಡಿಯ ಗೋಡೆಗೆ ಹಾಕಿ, 12 ದಿನದ ಕೆಲಸವನ್ನು 8 ದಿನದಲ್ಲಿ ಮುಗಿಸಿದರೆ 4 ದಿನ ಉಳಿಯುತ್ತದೆ. ಹಣ ಒಂದೇ, ಫಲ ಬೇರೆ. ಎಲ್ಲರನ್ನೂ ಸಮನಾಗಿ ಅವಸರಪಡಿಸುವುದು ನಾಯಕತ್ವವಲ್ಲ. ಯಾವ ಕೆಲಸದ ಮೇಲೆ ಕಣ್ಣಿಡಬೇಕೆಂದು ತಿಳಿದಿರುವುದು ನಾಯಕತ್ವ.

ಅವಸರಕ್ಕೆ ಬಗ್ಗದ ಹದಿನಾಲ್ಕು ದಿನ

ಪಟ್ಟಿಯಲ್ಲಿ ಯಾರೂ ಕೆಲಸ ಮಾಡದಂತೆ ಕಾಣುವ 14 ದಿನಗಳಿವೆಯಲ್ಲ? ಅವಸರದಲ್ಲಿರುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಆದರೆ ಅಲ್ಲಿ ಸಿಮೆಂಟು ಕೆಲಸ ಮಾಡುತ್ತಿರುತ್ತದೆ. ಅದರಲ್ಲಿನ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಂದಿಗೆ ವರ್ತಿಸಿ ನಿಧಾನವಾಗಿ ಗಟ್ಟಿಯಾಗುತ್ತವೆ. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೆಯ ದಿನ. ಏಳನೆಯ ದಿನ ಬಂದಿರುವುದು ಸುಮಾರು ಮೂರನೆಯ ಎರಡರಷ್ಟು ಬಲ ಮಾತ್ರ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿನ ತಾರಸಿಯ ಹರವು 4.5 ಮೀಟರಿಗಿಂತ ಹೆಚ್ಚಿದ್ದರೆ ಕಂಬಗಳನ್ನು 14 ದಿನ ಬಿಚ್ಚಬಾರದೆಂದು ಭಾರತೀಯ ಮಾನಕ ಐಎಸ್ 456:2000 ಹೇಳುತ್ತದೆ. ತರಗತಿ ಕೊಠಡಿಗಳ ಹರವು ಅನೇಕ ವೇಳೆ ಇದಕ್ಕಿಂತ ಹೆಚ್ಚಿರುತ್ತದೆ. ಏಳೇ ದಿನಕ್ಕೆ ಕಂಬ ಬಿಚ್ಚಿದರೆ ಕಾಗದದ ಮೇಲೆ ಒಂದು ವಾರ ಉಳಿಯುತ್ತದೆ, ಆದರೆ ಆ ತಾರಸಿಯ ಕೆಳಗೆ ನಿಂತವರ ಜೀವವನ್ನೇ ಪಣಕ್ಕಿಟ್ಟಂತಾಗುತ್ತದೆ.

ಹಾಗಾದರೆ ದಾರಿಯೇ ಇಲ್ಲವೆ? ಇದೆ. ಕಂಬಗಳು ನಿಂತಿರುವಾಗಲೇ ಹೊರಗೋಡೆಗಳ ಪ್ಲಾಸ್ಟರಿಂಗ್ ಮಾಡಬಹುದು. ಹತ್ತು ದಿನದ ಆ ಕೆಲಸದಲ್ಲಿ ನಾಲ್ಕು ದಿನದ್ದು ಹೀಗೆ ಮುಗಿದರೆ ಕಟ್ಟಡ 56 ದಿನಕ್ಕೆ ಸಿದ್ಧ. ಕಾಯುವ ದಿನಗಳನ್ನು ಕಡಿಯದೆ ಬಳಸಿಕೊಂಡಂತಾಯಿತು. ಇದನ್ನು ಯೋಚಿಸುವವರು ಎಂಜಿನಿಯರೇ ಆಗಬೇಕಿಲ್ಲ. "ಇವತ್ತು ಬಿಚ್ಚುವುದು ಬೇಡ ಸಾರ್" ಎಂದು ಮೇಸ್ತ್ರಿ ಧೈರ್ಯವಾಗಿ ಹೇಳುವ, ಹೇಳಿದ್ದನ್ನು ಮೇಲಿನವರು ಕೇಳುವ ವಾತಾವರಣವಿರಬೇಕು.

ಕೊಂಕಣ ರೈಲ್ವೆ ಕಲಿಸಿದ್ದು

ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಕೊಂಕಣ ರೈಲ್ವೆಯಲ್ಲಿ ನೋಡಬಹುದು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಈ ಮಾರ್ಗಕ್ಕಾಗಿ 1990ರಲ್ಲಿ ನಿಗಮ ಸ್ಥಾಪನೆಯಾಯಿತು. ಅದರ ಮುಖ್ಯಸ್ಥರಾಗಿದ್ದವರು ಇ. ಶ್ರೀಧರನ್. ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ನೇಮಿಸಲಾಯಿತು. ಕಾರವಾರ, ಉಡುಪಿ ಅವುಗಳಲ್ಲಿ ಎರಡು. ಕೆಲಸ ಎಲ್ಲೆಡೆ ಒಟ್ಟಿಗೇ ಸಾಗಿತು. 1993ರಲ್ಲಿಯೇ ತೋಕೂರು–ಉಡುಪಿ ನಡುವೆ ರೈಲು ಓಡತೊಡಗಿತು.

ಆದರೆ ಗೋವಾದ ಪೆರ್ನೆಮ್ ಬಳಿ ಸುರಂಗವೊಂದು ಇಡೀ ಮಾರ್ಗವನ್ನು ಕಾಯಿಸಿತು. ಅದರ ಉದ್ದ ಸುಮಾರು ಒಂದೂವರೆ ಕಿ.ಮೀ. ಅಷ್ಟೆ. ಅಲ್ಲಿದ್ದುದು ಗಟ್ಟಿ ಬಂಡೆಯಲ್ಲ, ನೀರು ಹೀರಿದ ಮೆದು ಮಣ್ಣು. ಅಗೆದಷ್ಟೂ ಕುಸಿಯುತ್ತಿತ್ತು, ಕೆಲಸಗಾರರ ಜೀವಗಳೂ ಹೋದವು. ಬೇರೆಡೆ ಎಷ್ಟು ಬೇಗ ಹಳಿ ಹಾಕಿದರೂ ಮುಂಬಯಿ–ಮಂಗಳೂರು ರೈಲು ಈ ಸುರಂಗ ಮುಗಿಯುವವರೆಗೆ ಓಡುವಂತಿರಲಿಲ್ಲ. ನಿರ್ಣಾಯಕ ಪಥ ಅಲ್ಲಿಗೆ ಸರಿದಿತ್ತು. ಕೊನೆಗೆ 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಯೋಜನೆಯನ್ನು ಒಮ್ಮೆ ಬರೆದು ಗೋಡೆಗೆ ತೂಗುಹಾಕಿದರೆ ಸಾಲದು, ಕೆಲಸ ಸಾಗಿದಂತೆ ಪಥವನ್ನು ಮತ್ತೆ ಮತ್ತೆ ಲೆಕ್ಕ ಹಾಕಬೇಕು ಎಂಬುದಕ್ಕೆ ಇದು ಸಾಕ್ಷಿ.

ನೀವೇ ಮಾಡಿ ನೋಡಿ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ವಿಷಯದ ಆಯ್ಕೆ 2 ದಿನ. ಆನಂತರ ಒಂದು ಗುಂಪು ಸಾಮಗ್ರಿ ಸಂಗ್ರಹಿಸಿ (4 ದಿನ) ಮಾದರಿ ತಯಾರಿಸುತ್ತದೆ (6 ದಿನ). ಇನ್ನೊಂದು ಗುಂಪು ಚಾರ್ಟು ಬರೆಯುತ್ತದೆ (3 ದಿನ). ಎರಡೂ ಮುಗಿದ ಮೇಲೆ ವಿವರಣೆಯ ಅಭ್ಯಾಸ 2 ದಿನ. ಒಟ್ಟು ಎಷ್ಟು ದಿನ ಬೇಕು? ಚಾರ್ಟಿನ ಗುಂಪಿಗೆ ಎಷ್ಟು ಬಿಡುವಿದೆ? ಆ ಬಿಡುವಿನಲ್ಲಿ ಅವರು ಯಾರಿಗೆ ನೆರವಾದರೆ ಪ್ರದರ್ಶನ ಬೇಗ ಸಿದ್ಧವಾಗುತ್ತದೆ?

(ಉತ್ತರ: 14 ದಿನ, 7 ದಿನ, ಸಾಮಗ್ರಿ ಸಂಗ್ರಹಿಸಿ ಮಾದರಿ ಮಾಡುವ ಗುಂಪಿಗೆ.)