ಸುರುಳಿಯಲ್ಲಿ ಅಡಗಿದ ಶಕ್ತಿ

ಮ್ಯಾಕ್‌ಫರ್ಸನ್ ರೂಪಿಸಿದ ಸ್ಟ್ರಟ್ಟು, ೧೯೫೦ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಕಾಣಿಸಿಕೊಂಡಿತು. ಭಾರ ಹೊರುವ ಉಕ್ಕಿನ ಸ್ಪ್ರಿಂಗು, ಅದರ ಕುಣಿತವನ್ನು ಎಣ್ಣೆಯಿಂದ ತಡೆಯುವ ಡ್ಯಾಂಪರು, ಇವೆರಡೂ ಅದರಲ್ಲಿ ಒಂದಾಗಿವೆ. ಡ್ಯಾಂಪರು ಪೆಡಸಾದರೆ ಹಳ್ಳದ ಪೆಟ್ಟೆಲ್ಲ ಬೆನ್ನಿಗೇ ಮುಟ್ಟುವುದು. ಅದನ್ನು ಬದಲಿಸಲು ಮೊದಲು ಸ್ಪ್ರಿಂಗನ್ನು ಅದುಮಿ ಹಿಡಿಯಬೇಕು, ಅಪಾಯವಿರುವುದು ಇಲ್ಲಿಯೇ.

ಲೆಕ್ಕ ಹಾಕಿ ನೋಡೋಣ. ಮಿಲಿಮೀಟರಿಗೆ ೨೦ ನ್ಯೂಟನ್ ಬಲ ಬೇಡುವ ಸ್ಪ್ರಿಂಗನ್ನು ೨೦೦ ಮಿಲಿಮೀಟರ್ ಅದುಮಿದರೆ ೪೦೦ ಜೂಲ್ ಶಕ್ತಿ ಸಂಚಯವಾಗುತ್ತದೆ. ೧೦ ಕಿಲೋಗ್ರಾಂ ಗುಂಡು ೪ ಮೀಟರ್ ಎತ್ತರದಿಂದ ಬಿದ್ದಂತೆಯೇ ಸರಿ!

ಆದುದರಿಂದ ಅದುಮುವ ಕೊಕ್ಕೆಗಳನ್ನು ಎದುರುಬದುರಾಗಿ ಸಿಕ್ಕಿಸಿ, ಎರಡರ ತಿರುಪನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯತಕ್ಕದ್ದು. ಒಂದೇ ಬದಿ ಬಿಗಿದರೆ ಸುರುಳಿ ಬಾಗಿ ಕೊಕ್ಕೆ ಜಾರುವುದು. ಸ್ಪ್ರಿಂಗು ತನ್ನ ಪೀಠದಲ್ಲಿ ಸಡಿಲಾಗಿ ಅಲುಗುವ ತನಕ ಮೇಲಿನ ನಟ್ಟನ್ನು ಬಿಚ್ಚಕೂಡದು. ಅಲ್ಲಿಯವರೆಗೆ ಆ ೪೦೦ ಜೂಲನ್ನು ಹಿಡಿದಿರುವುದರಲ್ಲಿ ಅದಕ್ಕೂ ಪಾಲುಂಟು.