ಗೆಳೆಯ ಮಂಕಾದಾಗ ನಾವು ಮಾಡಬೇಕಾದುದೇನು?



ಕಳೆದ ಸಂಚಿಕೆಯಲ್ಲಿ ಹಿಪ್ಪುನೇರಳೆಯ ಬೇರುಕೊಳೆ ರೋಗದ ವಿಷಯವಾಗಿ ಬರೆದಿದ್ದೆನು. ಈ ಸಲವೂ ರೋಗದ ವಿಷಯವೇ. ಆದರೆ ಗಿಡದ್ದಲ್ಲ, ಮನುಷ್ಯರದು. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದುದನ್ನು ಹೇಳುತ್ತೇನೆ. ಸಂಬಂಧಪಟ್ಟವರೇ “ಬರೆಯಿರಿ, ಹೆಸರು ಮಾತ್ರ ಬೇಡ” ಎಂದು ಒಪ್ಪಿಗೆ ಕೊಟ್ಟಿದ್ದಾರೆ.

ಅವರು ನನಗಿಂತ ಹತ್ತು ವರ್ಷ ಹಿರಿಯರು. ನಾನು ಅಣ್ಣ ಎಂದೇ ಕರೆಯುವುದು. ರೇಷ್ಮೆ ಹುಳು ಸಾಕುವುದರಲ್ಲಿ ಪಳಗಿದ ಕೈ. ಬೆಳಿಗ್ಗೆ ಊರಿಗೆ ಹೋದರೆ ಡೈರಿಯ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ನಾಲ್ಕು ಜನರನ್ನು ನಗಿಸುತ್ತ ನಿಂತಿರುತ್ತಿದ್ದರು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕ್ಯಾನನ್ನು ಮಗ ತರತೊಡಗಿದ. ಹಿಪ್ಪುನೇರಳೆ ಕಟಾವಿನ ಕಾಲ ಮೀರಿತು. ಹುಳುಮನೆಯ ಬಾಗಿಲು ತೆರೆಯಲಿಲ್ಲ. ಕೇಳಿದರೆ “ಮೈ ಸುಸ್ತು, ತಲೆನೋವು, ರಾತ್ರಿ ನಿದ್ದೆಯಿಲ್ಲ” ಎನ್ನುವರು. ಮನಸ್ಸಿನ ಮಾತೇ ಇಲ್ಲ.

ಊರವರು ಕಾರಣ ಹುಡುಕಿದರು. ಸಾಲವೇ? ಸೊಸೈಟಿಯ ಸಾಲ ತೀರಿತ್ತು. ಬೆಳೆ ಹೋಯಿತೇ? ರಾಗಿ ಚೆನ್ನಾಗಿಯೇ ಬಂದಿತ್ತು. ಮನೆಯಲ್ಲಿ ಜಗಳವೇ? ಅದೂ ಇಲ್ಲ. ಕಾರಣ ಸಿಗದಿರಲು ಕೆಲವರು ಸೋಮಾರಿತನವೆಂದರು, ಕೆಲವರು ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು.

ನಾನು ಮಾಡಿದ್ದು ಇದಕ್ಕಿಂತ ಉತ್ತಮವೇನಲ್ಲ. ಒಂದು ದಿನ ಅವರ ಜಗಲಿಯ ಮೇಲೆ ಕುಳಿತು ಅರ್ಧ ಗಂಟೆ ಬುದ್ಧಿ ಹೇಳಿದೆ. “ಧೈರ್ಯ ತಂದುಕೊಳ್ಳಬೇಕು ಅಣ್ಣ, ನಿಮಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ ಇದ್ದಾರೆ” ಎಂದೆ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಮುಂದಿನ ವಾರ ನಾನು ಹೋದಾಗ “ಮನೇಲಿಲ್ಲ” ಎಂದು ಒಳಗಿನಿಂದ ಹೇಳಿಸಿದರು. ಅವರ ಚಪ್ಪಲಿ ಬಾಗಿಲಲ್ಲೇ ಇತ್ತು.

ವೈದ್ಯರು ಇದನ್ನು ಖಿನ್ನತೆಯ ಕಾಯಿಲೆ ಎನ್ನುತ್ತಾರೆ. ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗಿದ್ದುದು ಬೇಡವೆನ್ನಿಸುವುದು, ಊಟ ನಿದ್ದೆ ಕೆಡುವುದು, ತಾನು ಯಾರಿಗೂ ಬೇಡದವನೆನ್ನಿಸುವುದು ಕಂಡುಬಂದರೆ ಅದು ಕಾಯಿಲೆಯಿರಬಹುದು. ಸಾಲ, ಬತ್ತಿದ ಕೊಳವೆ ಬಾವಿ, ಸಾವುನೋವು, ಕುಡಿತ ಇವು ಅದನ್ನು ತರಬಹುದು. ಏನೂ ಇಲ್ಲದೆಯೂ ಅದು ಬರಬಹುದು. ಆದುದರಿಂದ “ನಿನಗೇನು ಕಡಿಮೆಯಾಗಿದೆ?” ಎಂಬ ಪ್ರಶ್ನೆಗೆ ರೋಗಿಯ ಬಳಿ ಉತ್ತರವಿರುವುದಿಲ್ಲ, ನಾಚಿಕೆ ಮಾತ್ರ ಹೆಚ್ಚುತ್ತದೆ. ಧೈರ್ಯ ತಂದುಕೋ ಎನ್ನುವುದೂ ಕಾಲು ಉಳುಕಿದ ಎತ್ತಿಗೆ ಬಾರುಕೋಲು ತೋರಿಸಿದಂತೆ. ಧೈರ್ಯ ಹುಟ್ಟುವ ಜಾಗಕ್ಕೇ ಪೆಟ್ಟು ಬಿದ್ದಿದೆಯಲ್ಲ!

ನನಗೆ ಪಾಠ ಕಲಿಸಿದವರು ಪಕ್ಕದ ಮನೆಯ ತಾತ. ಅವರೆಕಾಯಿಯ ಕಾಲ. ಒಂದು ಮಧ್ಯಾಹ್ನ ತಾತ ಒಂದು ಮೊರದ ತುಂಬ ಅವರೆಕಾಯಿ ತಂದು ಅಣ್ಣನ ಮುಂದಿಟ್ಟು, “ಸುಲಿಯಪ್ಪಾ, ನಂಗೆ ಕಣ್ಣು ಕಾಣಲ್ಲ” ಎಂದರಂತೆ. ಇಬ್ಬರೂ ಸುಲಿದರು. ಮಾತಿಲ್ಲ. ಮರುದಿನವೂ ಅದೇ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಣ್ಣ ತಾವಾಗಿಯೇ “ಎದೆ ಮೇಲೆ ಕಲ್ಲು ಹೇರಿದಂಗದೆ ತಾತ” ಎಂದರು. ತಾತ “ಹೂಂ” ಎಂದರು, ಕಾಯಿ ಸುಲಿಯುತ್ತಲೇ ಇದ್ದರು. ಡಿಪ್ಲೊಮಾದಲ್ಲಿ ಇದನ್ನು ಯಾರೂ ಕಲಿಸಲಿಲ್ಲ.

ಅಂದಿನಿಂದ ನಾನೂ ಉಪದೇಶ ಬಿಟ್ಟು ಅವರ ಜೊತೆಗೆ ಕೆಲಸಕ್ಕೆ ಕೈಹಾಕಿದೆ. “ಏನಾದರೂ ಬೇಕಾದರೆ ಹೇಳಿ” ಎಂದು ಹೇಳಿ ಬರುವುದರಿಂದ ಪ್ರಯೋಜನವಿಲ್ಲ, ಅವರು ಹೇಳುವುದಿಲ್ಲ. “ನಾಳೆ ಏಳಕ್ಕೆ ಬರುತ್ತೇನೆ, ಎರಡು ಸಾಲು ಕಟಾವು ಮಾಡೋಣ” ಎಂದರೆ ಕೆಲವೊಮ್ಮೆ ಏಳುತ್ತಾರೆ. ಏಳದಿದ್ದರೆ ಬೇಸರ ತೋರದೆ ಬರಬೇಕು, ಮತ್ತೆ ಹೋಗಬೇಕು.

ಒಂದು ದಿನ ತೋಟದ ಬದುವಿನ ಮೇಲೆ ಕುಳಿತಿದ್ದಾಗ ನೇರವಾಗಿ ಕೇಳಿದೆ: “ಅಣ್ಣ, ಬದುಕೋದೇ ಬೇಡ ಅನ್ನಿಸುತ್ತಾ?” ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಬಹಳ ಜನ ಹೆದರುತ್ತಾರೆ. ಆ ಭಯಕ್ಕೆ ಆಧಾರವಿಲ್ಲ; ಕೇಳುವುದರಿಂದ ಮನಸ್ಸಿನ ಭಾರ ಹಗುರವಾಗುವುದೇ ಹೆಚ್ಚು. ಅಣ್ಣ ಬಹಳ ಹೊತ್ತಿನ ಮೇಲೆ “ಒಂದೊಂದ್ ರಾತ್ರಿ ಅನ್ನಿಸ್ತದೆ ಕಣಪ್ಪಾ” ಎಂದರು.

ಆ ಸಂಜೆಯೇ ಅತ್ತಿಗೆಗೆ ಹೇಳಿ, ಅಟ್ಟದ ಮೇಲೆ ಉಳಿದಿದ್ದ ಕೀಟನಾಶಕಗಳನ್ನೆಲ್ಲ ತಾತನ ಮನೆಗೆ ಸಾಗಿಸಿ ಬೀಗ ಹಾಕಿಸಿದೆವು. ಹುಳು ಸಾಕುವ ಮನೆಯಲ್ಲಿ ಔಷಧಿ ಇಡಬಾರದೆಂದು ನಾನೇ ಎಷ್ಟೋ ಸಲ ಹೇಳಿದ್ದುಂಟು. ಹುಳುವಿನ ಹಿತಕ್ಕೆ ಹೇಳಿದ್ದೆ, ಮನುಷ್ಯರ ಹಿತ ಹೊಳೆದಿರಲಿಲ್ಲ. ಸಾಯಬೇಕೆಂಬ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ವಿಷ ಕೈಗೆ ಎಟುಕದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರ ವೇಳೆಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 70ರಷ್ಟು ಇಳಿಯಿತು. ನಾವು ಬೆಳೆಗೆ ಬೇಕಾದಷ್ಟೇ ಔಷಧಿ ಕೊಂಡು, ಬೀಗದಲ್ಲಿಟ್ಟು, ಬೀಗದ ಕೈಯನ್ನು ಬೇರೆಯವರ ಬಳಿ ಇರಿಸಬಹುದು.

ಮರುದಿನ ನನ್ನ ಬೈಕಿನಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೋದೆವು. “ಹೋಗಿ ತೋರಿಸಿಕೊಳ್ಳಿ” ಎಂದಿದ್ದರೆ ಅವರು ಹೋಗುತ್ತಿರಲಿಲ್ಲ. ಇದು ಹುಚ್ಚಾಸ್ಪತ್ರೆಯ ಮಾತಲ್ಲವೆಂದು ದಾರಿಯುದ್ದಕ್ಕೂ ಹೇಳಬೇಕಾಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದು ನಮ್ಮ ನೆರೆಯಲ್ಲೇ. 1976ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಕೇಂದ್ರ ತೆರೆದು, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಈ ಕೆಲಸ ಕಲಿಸಿದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಜಿಲ್ಲೆಯ ಮಟ್ಟದಲ್ಲಿ ನಡೆಸಿ ನೋಡಿದರು. ಮುಂದೆ ಅದೇ ದೇಶಕ್ಕೆಲ್ಲ ಮಾದರಿಯಾಯಿತು.

ವೈದ್ಯರು ಮಾತ್ರೆ ಕೊಟ್ಟರು. ಹತ್ತು ದಿನವಾದರೂ ಗುಣ ಕಾಣಲಿಲ್ಲ, ಅಣ್ಣ ನಿಲ್ಲಿಸಹೊರಟರು. ಈ ಮಾತ್ರೆಗಳು ತಲೆನೋವಿನ ಗುಳಿಗೆಯಂತಲ್ಲ. ಪರಿಣಾಮ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಆರು ತಿಂಗಳಾದರೂ, ನುಂಗಬೇಕು. ನಡುವೆ ಸಾರಾಯಿ ಸೇರಿದರೆ ಕೆಡುತ್ತದೆ. ಸ್ನೇಹಿತನ ಕೆಲಸ ಹೆಚ್ಚಾಗಿ ಇರುವುದು ಈ ಬೇಸರದ ವಾರಗಳಲ್ಲೇ.

ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಇದು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಮನೆಯವರೂ ಗೆಳೆಯರೂ ಕೇಳಬಹುದು. ಯಾರಾದರೂ ವಿಷ ತೆಗೆದುಕೊಂಡಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡಬೇಡಿ. ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಅಣ್ಣ ಪೂರ್ತಿ ಗುಣವಾದರೆಂದು ನಾನು ಹೇಳಲಾರೆ. ಹುಳುಮನೆ ತೊಳೆದಿದ್ದಾರೆ, ಚಾಕಿ ಇನ್ನೂ ತಂದಿಲ್ಲ. ವಾರದಲ್ಲಿ ನಾಲ್ಕು ದಿನ ಕ್ಯಾನನ್ನು ತಾವೇ ಡೈರಿಗೆ ತರುತ್ತಾರೆ. ಮಗ ತಂದ ದಿನ ನಾನಾಗಲಿ ತಾತನಾಗಲಿ ಅವರ ಮನೆಯ ಕಡೆ ಹೋಗಿಬರುತ್ತೇವೆ.