ಮನೆಯ ಗಣಕಯಂತ್ರದಲ್ಲಿ ಬೇಡವಾದ ತಂತ್ರಾಂಶಗಳ ನಿವಾರಣೆ

ಮಾನವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದ ಸುತ್ತಮುತ್ತ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವವರಿಗೆ ಕಳೆಯೆಂದರೇನೆಂದು ವಿವರಿಸಬೇಕಾದುದಿಲ್ಲ. ಭತ್ತದ ಪೈರನ್ನೇ ಹೋಲುವ ಹುಲ್ಲು ಗದ್ದೆಯಲ್ಲಿ ಬೆಳೆಯುತ್ತದೆ. ಅನುಭವವಿಲ್ಲದವನು ಕಳೆ ಕೀಳಹೋಗಿ ಪೈರನ್ನೇ ಕಿತ್ತುಬಿಡುವುದುಂಟು. ಮನೆಮನೆಗೆ ಬಂದಿರುವ ಗಣಕಯಂತ್ರದ ವಿಷಯದಲ್ಲಿಯೂ ಹೀಗೆಯೇ ಆಗುತ್ತಿರುವುದರಿಂದ ಈ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಬೇಡವಾದ ತಂತ್ರಾಂಶವು ಬಹುಮಟ್ಟಿಗೆ ನಮ್ಮ ಕೈಯಿಂದಲೇ ಒಳಗೆ ಬರುತ್ತದೆ. ಉಚಿತವಾದ ಯಾವುದೋ ತಂತ್ರಾಂಶವನ್ನು ಅಂತರಜಾಲದಿಂದ ಇಳಿಸಿಕೊಳ್ಳುವಾಗ ಅದರ ಬೆನ್ನಿಗೆ ಇನ್ನೆರಡು ಮೂರು ಅಂಟಿಕೊಂಡಿರುತ್ತವೆ. ಪರದೆಯ ಬರಹವನ್ನು ಓದದೆ ‘ನೆಕ್ಸ್ಟ್’, ‘ನೆಕ್ಸ್ಟ್’ ಎಂದು ಒತ್ತುತ್ತ ಹೋದವರು ಅವುಗಳಿಗೂ ಒಪ್ಪಿಗೆ ಕೊಟ್ಟಂತಾಗುತ್ತದೆ. ಕೆಲವು ಯಂತ್ರವನ್ನು ಕೊಂಡಾಗಲೇ ತುಂಬಿ ಬಂದಿರುತ್ತವೆ. ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ’ ಎಂದು ಹೆದರಿಸಿ ಸೇರಿಕೊಳ್ಳುವವು ಎಲ್ಲಕ್ಕಿಂತ ಕೆಟ್ಟವು.

ಪರದೆಯ ಮೇಲಿನ ಚಿತ್ರಸಂಕೇತವನ್ನು ಅಳಿಸಿದ ಮಾತ್ರಕ್ಕೆ ತಂತ್ರಾಂಶ ಹೋಗುವುದಿಲ್ಲ. ಅದು ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ಕಿತ್ತಂತೆ. ವಿಂಡೋಸ್ ಯಂತ್ರದಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಆ್ಯಪ್ಸ್’ ವಿಭಾಗಕ್ಕೆ ಹೋದರೆ ಸ್ಥಾಪಿತವಾದವುಗಳ ಪಟ್ಟಿ ಕಾಣುತ್ತದೆ. ಅದನ್ನು ದಿನಾಂಕಕ್ಕನುಸಾರವಾಗಿ ಜೋಡಿಸಿಕೊಂಡರೆ ತೊಂದರೆ ಆರಂಭವಾದ ದಿನಗಳಲ್ಲಿ ಬಂದವು ಯಾವುವೆಂದು ತಿಳಿಯುತ್ತದೆ. ತಯಾರಕರ ಹೆಸರನ್ನು ಓದಿ, ಒಂದೊಂದನ್ನೇ ‘ಅನ್‌ಇನ್‌ಸ್ಟಾಲ್’ ಮಾಡಿ, ಯಂತ್ರವನ್ನು ಮತ್ತೆ ಆರಂಭಿಸಿ ನೋಡತಕ್ಕದ್ದು. ಹೆಸರು ಅಪರಿಚಿತವೆಂಬ ಒಂದೇ ಕಾರಣಕ್ಕೆ ತೆಗೆಯಬಾರದು. ಮುದ್ರಣಯಂತ್ರವನ್ನೋ ಧ್ವನಿಯನ್ನೋ ನಡೆಸುವ ಅಂಗಗಳೂ ಅಲ್ಲಿರುತ್ತವೆ. ಬ್ರೌಸರಿನಲ್ಲಿ ಸೇರಿಕೊಂಡ ವಿಸ್ತರಣೆಗಳು ಈ ಪಟ್ಟಿಯಲ್ಲಿ ಕಾಣುವುದಿಲ್ಲವಾದ್ದರಿಂದ ಅವನ್ನು ಬ್ರೌಸರಿನೊಳಗೇ ಹುಡುಕಬೇಕು. ತೆಗೆದರೂ ಮರಳಿ ಬರುವಂಥವಕ್ಕೆ ವಿಂಡೋಸ್‌ನದೇ ರಕ್ಷಣಾ ತಂತ್ರಾಂಶದಿಂದ ಪೂರ್ಣ ಶೋಧನೆ ನಡೆಸಬಹುದು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಮೂಲಕವೂ ಉಚಿತ ಸಾಧನಗಳು ದೊರೆಯುತ್ತವೆ.

ದೂರವಾಣಿಯಲ್ಲಿ ಯಾರೋ ಹೇಳಿದರೆಂದು, ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಹಾಕಿಕೊಂಡಿದ್ದಲ್ಲಿ ಮೊದಲು ಅಂತರಜಾಲದ ಸಂಪರ್ಕವನ್ನು ಕಡಿಯಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು.

ಇನ್ನು ಪೈರನ್ನೇ ಕಿತ್ತ ಕಥೆ. ಅದು ನನ್ನದೇ. ಒಂದು ಬೇಸಿಗೆಯ ರಜೆಯಲ್ಲಿ, ಯಂತ್ರ ನಿಧಾನವಾಯಿತೆಂದು ಕಳೆ ತೆಗೆಯಲು ಕುಳಿತವನು, ಬಹುಕಾಲದಿಂದ ಬಳಸದಿದ್ದ ‘ನುಡಿ’ಯನ್ನೂ ಅದರ ಅಕ್ಷರಶೈಲಿಗಳನ್ನೂ ತೆಗೆದುಹಾಕಿದೆ. ಮರುದಿನ, ತೀರಿಕೊಂಡ ತಂದೆಯವರು ಊರಿನ ಬಾವಿ, ಹಳ್ಳ, ಹೊಲಗಳ ಹೆಸರುಗಳನ್ನು ಕುರಿತು ಬೆರಳಚ್ಚು ಮಾಡಿಸಿಟ್ಟಿದ್ದ ಇಪ್ಪತ್ತು ಪುಟಗಳನ್ನು ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ. ಬರೀ ಅರ್ಥಹೀನವಾದ ರೋಮನ್ ಅಕ್ಷರಗಳು, ಚಿಹ್ನೆಗಳು. ಅವರ ಬರಹವನ್ನು ನನ್ನ ಕೈಯಾರೆ ಅಳಿಸಿದೆನೆಂದು ಆ ರಾತ್ರಿ ನಿದ್ರೆ ಬರಲಿಲ್ಲ.

ವಾಸ್ತವವಾಗಿ ಏನೂ ಅಳಿದಿರಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ಇವುಗಳ ಹಳೆಯ ಪದ್ಧತಿಯಲ್ಲಿ, ಕಡತದೊಳಗೆ ಉಳಿಯುವುದು ರೋಮನ್ ಅಕ್ಷರ ಮೊದಲಾದವುಗಳ ಸಂಕೇತಗಳು ಮಾತ್ರ. ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಅಕ್ಷರಶೈಲಿ. ಅಕ್ಷರಶೈಲಿ ಹೋದರೆ ರೂಪ ಹೋಗುತ್ತದೆ, ಸಂಕೇತ ಇದ್ದೇ ಇರುತ್ತದೆ. ‘ನುಡಿ’ಯನ್ನು ಮತ್ತೆ ಸ್ಥಾಪಿಸಿದೊಡನೆ ಪುಟಗಳು ಮೊದಲಿನಂತೆ ಕಂಡವು.

ಆದುದರಿಂದ ಇಂಥ ತಂತ್ರಾಂಶವನ್ನು ತೆಗೆಯುವ ಮುನ್ನ ಹಳೆಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಕೇತಗಳಿರುವುದರಿಂದ ಒಂದು ಅಕ್ಷರಶೈಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಓದಬಹುದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುವುದುಂಟು. ಮೂಲ ಕಡತವನ್ನು ಉಳಿಸಿಕೊಂಡು ಹೋಲಿಸಿ ತಿದ್ದಬೇಕು. ತಂದೆಯವರ ಇಪ್ಪತ್ತು ಪುಟಗಳನ್ನು ತಿದ್ದಲು ನನಗೆ ಎರಡು ಭಾನುವಾರಗಳು ಹಿಡಿದವು.